ಹತ್ತಿಂಚಿನ ಸ್ಕ್ರೀನು, ಒಂದು ಹೊಂಗೆ ಕೊಂಬೆ

ಕಳೆದ ತಿಂಗಳು ನಮ್ಮ ಟೀಮಿನ ಹುಡುಗನೊಬ್ಬ ಹೊಸ ಕಾರು ತಗೊಂಡ. ಮರುದಿನ ಆಫೀಸಿನ ಬೇಸ್‌ಮೆಂಟಿನಲ್ಲಿ ನಮಗೆಲ್ಲ ದರ್ಶನ. ಬಾನೆಟ್ ಮೇಲಿನ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತು. ಹುಡುಗ ಒಳಗೆ ಕೂತು "ಓಪನ್ ಸನ್‌ರೂಫ್" ಅಂದ, ತೆರೆಯಿತು. ಬಾಗಿಲಿನ ಅಂಚಿನ ದೀಪ ನೀಲಿಯಿಂದ ನೇರಳೆಗೆ, ನೇರಳೆಯಿಂದ ಕಿತ್ತಳೆಗೆ ತಿರುಗಿತು. ಹತ್ತೂಕಾಲು ಇಂಚಿನ ಸ್ಕ್ರೀನಿನಲ್ಲಿ ಒಂದು ಕಡೆ ಮ್ಯಾಪು, ಇನ್ನೊಂದು ಕಡೆ ಹಾಡು. ಜಾತ್ರೆಯಲ್ಲಿ ಬಯೋಸ್ಕೋಪ್ ನೋಡೋ ಮಕ್ಕಳ ಹಾಗೆ ನಾವೆಲ್ಲ ಕಿಟಕಿಯಲ್ಲಿ ತಲೆ ತೂರಿಸಿ ನೋಡಿದ್ವಿ.

ನಾನು ಸುಮ್ಮನೆ ಕೇಳಿದೆ. "ಟ್ರಯಾಂಗಲ್ ಎಲ್ಲಿಟ್ಟಿದ್ದಾರೆ?"

"ಯಾವ ಟ್ರಯಾಂಗಲ್?"

"ಗಾಡಿ ಕೆಟ್ಟು ನಿಂತ್ರೆ ಹಿಂದೆ ರಸ್ತೆ ಮೇಲೆ ಇಡ್ತಾರಲ್ಲ, ಕೆಂಪು ತ್ರಿಕೋನ."

"ಅದೆಲ್ಲ ಕೊಟ್ಟಿರ್ತಾರಾ ಗುರೂ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎರಡು ವರ್ಷದ ಹಿಂದೆ ನಾನೂ ಅದೇ ಹುಡುಗ.

ಈ ಲೇಖನ ಯಾರಿಗಾದರೂ ಚುಚ್ಚಿದರೆ ಚುಚ್ಚಲಿ. ಹದಿನೈದು ಲಕ್ಷ ಕೊಟ್ಟು ಕಾರು ತಗೊಳ್ಳೋ ನಮ್ಮಂಥ ಓದಿದವರಿಗೆ ಆ ಕಾರಿನಲ್ಲಿ ನಮ್ಮನ್ನು ರಂಜಿಸೋ ಸಾಮಾನೆಲ್ಲ ಬಾಯಿಪಾಠ. ನಮ್ಮನ್ನು ಉಳಿಸೋ ಸಾಮಾನು ಎಲ್ಲಿದೆ ಅಂತಲೇ ಗೊತ್ತಿಲ್ಲ. ಇದರಲ್ಲಿ ತಯಾರಿಸಿದವರದೂ ತಪ್ಪಿದೆ, ಮಾರಿದವರದೂ ತಪ್ಪಿದೆ. ಆದರೆ ಹೆದ್ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗೋರು ನಾವು. ಹಾಗಾಗಿ ನಮ್ಮ ಪಾಲಿನ ತಪ್ಪಿನಿಂದಲೇ ಶುರು ಮಾಡ್ತೀನಿ.

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿಸಿಕೊಂಡು ಊರಿಂದ ಬೆಂಗಳೂರಿಗೆ ಹೊರಟಿದ್ವಿ. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು, ಜೊತೆಗೆ ಅಮ್ಮ. ಹಾಸನದ ಕಡೆಯಿಂದ ಬರೋ ಹೆದ್ದಾರಿ, ರಾತ್ರಿ ಎಂಟೂವರೆ. ಯಡಿಯೂರು ದಾಟಿ ಕುಣಿಗಲ್ ಇನ್ನೂ ಬಂದಿರಲಿಲ್ಲ. ಎಡಗಡೆ ಹಿಂದಿನ ಟೈರು ಢಮ್ ಅಂತ ಒಡೀತು. ಗಾಡಿ ಒಂದ್ಸಲ ಎಳೆದಾಡಿತು, ಹೇಗೋ ಹಿಡಿದು ಪಕ್ಕಕ್ಕೆ ತಂದೆ. ಅರ್ಧ ಕಾರು ರಸ್ತೆ ಅಂಚಿನ ಬಿಳಿ ಗೆರೆಯ ಆಚೆ, ಇನ್ನರ್ಧ ಈಚೆ.

ಆಗ ನನ್ನ ಕೈ ಮೊದಲು ಹೋಗಿದ್ದು ಎಲ್ಲಿಗೆ ಗೊತ್ತಾ? ಸ್ಕ್ರೀನಿಗೆ. ಹಾಡು ಜೋರಾಗಿ ಬಡ್ಕೋತಾ ಇತ್ತು. ವಾಲ್ಯೂಮ್ ಗುಂಡಿ ಇಲ್ಲದ ಕಾರು ಅದು. ಸ್ಕ್ರೀನಿನ ಮೇಲೆ ಬೆರಳಲ್ಲಿ ಎಳೀಬೇಕು. ನಡುಗೋ ಬೆರಳಿಗೆ ಅದು ಸಿಗಲಿಲ್ಲ. ಹಿಂದಿನಿಂದ ಅಮ್ಮ "ಏನಾಯ್ತಪ್ಪಾ, ಏನಾಯ್ತು" ಅಂತಿದ್ದಾರೆ, ಮಗಳು ಅಳ್ತಿದ್ದಾಳೆ, ನಾನು ಹಾಡು ನಿಲ್ಲಿಸೋಕೆ ಪರದಾಡ್ತಿದ್ದೀನಿ. ಹಜಾರ್ಡ್ ಲೈಟಿನ ನೆನಪಾಗಿದ್ದು ಅದಾದ ಮೇಲೆ. ಎಸಿ ಕಿಂಡಿಗಳ ಮಧ್ಯೆ ಇದ್ದ ಆ ಕೆಂಪು ತ್ರಿಕೋನದ ಗುಂಡಿಯನ್ನು ಮೊಬೈಲ್ ಟಾರ್ಚ್ ಹಾಕಿ ಹುಡುಕಿದೆ.

ಇಳಿದು ಹೋಗಿ ಡಿಕ್ಕಿ ತೆಗೆದೆ. ಒಂದು ಮೂಟೆ ತೆಂಗಿನಕಾಯಿ, ರಾಗಿಹಿಟ್ಟಿನ ಚೀಲ, ಹುಣಸೆಹಣ್ಣು, ಮಾವಿನಕಾಯಿ, ಮೂರು ಸೂಟ್‌ಕೇಸು. ಸ್ಟೆಪ್ನಿ, ಜಾಕು, ತ್ರಿಕೋನ ಎಲ್ಲವೂ ಇವುಗಳ ಅಡಿಯಲ್ಲಿ, ಮ್ಯಾಟಿನ ಕೆಳಗೆ. ನಮ್ಮ ಕನ್ನಡದಲ್ಲಿ ಸಾಮಾನು ಇಡೋ ಜಾಗಕ್ಕೂ ಡಿಕ್ಕಿ ಅಂತೀವಿ, ಗುದ್ದೋದಕ್ಕೂ ಡಿಕ್ಕಿ ಅಂತೀವಿ. ಮೊದಲನೇ ಡಿಕ್ಕಿಯಲ್ಲಿ ಏನೆಲ್ಲಿದೆ ಅಂತ ಗೊತ್ತಿಲ್ಲದವನಿಗೆ ಎರಡನೇ ಡಿಕ್ಕಿ ಹತ್ತಿರದಲ್ಲೇ ಇರುತ್ತೆ ಅಂತ ಅವತ್ತು ಅರ್ಥ ಆಯ್ತು. ಕಾರಿನ ಹಿಂಭಾಗಕ್ಕೆ ಆನಿಕೊಂಡು, ಬರೋ ಗಾಡಿಗಳಿಗೆ ಬೆನ್ನು ಹಾಕಿ, ನಾನು ತೆಂಗಿನಕಾಯಿ ಇಳಿಸ್ತಿದ್ದೆ. ಅಮ್ಮ, ಹೆಂಡತಿ, ಮಗಳು ಮೂವರೂ ಕಾರಿನೊಳಗೇ ಇದ್ದರು. ಅವರನ್ನು ಇಳಿಸಬೇಕು ಅನ್ನೋದು ಹೊಳೆದೇ ಇರಲಿಲ್ಲ.

ಮುಂದೆ ಹೋದ ಒಂದು ಲಾರಿ ನಿಂತಿತು. ಡ್ರೈವರು ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಬಂದ. "ಟ್ರಯಾಂಗಲ್ ಐತಾ ಸಾರ್?" ಅಂದ. ನಾನು ತೆಂಗಿನಕಾಯಿ ಮೂಟೆ ತೋರಿಸಿದೆ. ಆತ ನಗಲೂ ಇಲ್ಲ, ಬೈಯಲೂ ಇಲ್ಲ. "ಮೊದ್ಲು ಹೆಂಗಸ್ರು ಮಗೀನ ಇಳಿಸಿ, ಎಡಗಡೆ ಬಾಗ್ಲಿಂದ. ತಡೆಕಂಬಿ ಆಚೆಗೆ ಕಳ್ಸಿ" ಅಂದ. ತಾನು ರಸ್ತೆ ಪಕ್ಕದ ಹೊಂಗೆ ಮರದಿಂದ ಒಂದು ದೊಡ್ಡ ಕೊಂಬೆ ಮುರಿದುಕೊಂಡ, ನೂರು ಹೆಜ್ಜೆ ಹಿಂದಕ್ಕೆ ನಡೆದ, ನಾವಿದ್ದ ಲೇನಿನ ಅಂಚಿಗೆ ಹಾಕಿ ಬಂದ.

ಐದು ನಿಮಿಷವೂ ಆಗಿರಲಿಲ್ಲ. ಒಂದು ಟೆಂಪೋ ಟ್ರಾವೆಲರ್ ಅದೇ ಲೇನಿನಲ್ಲಿ ರಭಸವಾಗಿ ಬಂತು. ಕೊಂಬೆ ಕಂಡಿದ್ದೇ ಹಾರ್ನ್ ಹೊಡ್ಕೊಂಡು ಬಲಕ್ಕೆ ಎಳೆದುಕೊಂಡು ಹೋಯ್ತು. ನಮ್ಮ ಕಾರು ಆ ಗಾಳಿಗೆ ಅಲುಗಾಡಿದ್ದು ತಡೆಕಂಬಿಯ ಆಚೆ ನಿಂತಿದ್ದ ನನಗೆ ಕಾಣಿಸಿತು. ಹಿಂದಿನ ಸೀಟು ಖಾಲಿ ಇತ್ತು.

ಲಾರಿ ಡ್ರೈವರು ಎಷ್ಟು ಓದಿದ್ದನೋ ಗೊತ್ತಿಲ್ಲ. ನಾನು ಬಿಇ. ಅವತ್ತು ನನ್ನ ಕಾರಿನಲ್ಲಿ ಹತ್ತಿಂಚಿನ ಸ್ಕ್ರೀನಿತ್ತು, ಆತನ ಕೈಯಲ್ಲಿ ಒಂದು ಹೊಂಗೆ ಕೊಂಬೆ. ನನ್ನ ಮನೆಯವರನ್ನು ಉಳಿಸಿದ್ದು ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸ್ವಲ್ಪ ಲೆಕ್ಕ ನೋಡೋಣ. ಗಂಟೆಗೆ 100 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್. ಹಿಂದೆ ಬರೋ ಡ್ರೈವರಿಗೆ ನಿಂತ ಕಾರು ಕಂಡು, ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರೋಕೆ ಒಂದೂವರೆ ಸೆಕೆಂಡ್ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ 40 ಮೀಟರ್ ದಾಟಿರುತ್ತೆ. ಬ್ರೇಕ್ ಹಿಡಿಯೋಕೆ ಶುರುವಾಗೋದೇ ಅದರ ನಂತರ. ಹಾಗಾಗಿ ತ್ರಿಕೋನವನ್ನು ಡಿಕ್ಕಿಯ ಹಿಂದೆ ಮೂರಡಿಗೆ ಇಟ್ಟರೆ ಅದು ದೇವರ ಮುಂದೆ ಇಟ್ಟ ನಿಂಬೆಹಣ್ಣಿನಷ್ಟೇ ಕೆಲಸಕ್ಕೆ ಬರುತ್ತೆ. ಸಾಮಾನ್ಯ ರಸ್ತೆಯಲ್ಲಿ ಕನಿಷ್ಠ 50 ಮೀಟರ್, ಹೆದ್ದಾರಿಯಲ್ಲಿ 100 ಮೀಟರಾದರೂ ಹಿಂದಿರಬೇಕು. ತಿರುವಿದ್ದರೆ ತಿರುವಿಗೂ ಮುಂಚೆಯೇ ಇರಬೇಕು. ಲಾರಿ ಡ್ರೈವರು ಈ ಗುಣಾಕಾರ ಮಾಡಲಿಲ್ಲ, ಸುಮ್ಮನೆ ನೂರು ಹೆಜ್ಜೆ ನಡೆದ. ಉತ್ತರ ಹೆಚ್ಚುಕಡಿಮೆ ಸರಿಯಾಗೇ ಬಂತು.

ಅದೇ 28 ಮೀಟರನ್ನು ಈಗ ಸ್ಕ್ರೀನಿಗೆ ಹಾಕಿ ನೋಡಿ. ಹಾಡು ಬದಲಾಯಿಸೋಕೆ ಎರಡು ಸೆಕೆಂಡ್ ಕಣ್ಣು ತೆಗೆದರೆ 56 ಮೀಟರ್ ಕುರುಡರಾಗಿ ಓಡಿಸಿದ ಹಾಗೆ. ಸ್ವೀಡನ್ನಿನ ವಿ ಬಿಲೆಗರೆ ಅನ್ನೋ ಕಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ರೇಡಿಯೋ ಚಾನೆಲ್ ಬದಲಾಯಿಸೋದು, ಎಸಿ ಹೊಂದಿಸೋದು, ಇಂಥ ನಾಲ್ಕು ಕೆಲಸಗಳನ್ನು 110 ಕಿಲೋಮೀಟರ್ ವೇಗದಲ್ಲಿ ಮಾಡಿಸಿ ಸಮಯ ಅಳೆದರು. ಬರೀ ಗುಂಡಿಗಳಿದ್ದ 2005ರ ಹಳೇ ವೋಲ್ವೋ ಕಾರಿನಲ್ಲಿ ಎಲ್ಲ ಮುಗಿಸೋಕೆ ಹಿಡಿದದ್ದು 10 ಸೆಕೆಂಡ್, ಸಾಗಿದ ದೂರ 306 ಮೀಟರ್. ಅತಿ ಹಿಂದುಳಿದ ಟಚ್‌ಸ್ಕ್ರೀನ್ ಕಾರಿನಲ್ಲಿ 44.6 ಸೆಕೆಂಡ್, 1,372 ಮೀಟರ್. ಹದಿನೇಳು ವರ್ಷ ಹಳೇ ಕಾರು ಗೆದ್ದಿತು.

"ನಾನು ಕುಡಿದು ಓಡಿಸಲ್ಲ ಗುರೂ" ಅನ್ನೋರಿಗೆ ಇನ್ನೊಂದು ಲೆಕ್ಕ. ಬ್ರಿಟನ್ನಿನ ಟಿಆರ್‌ಎಲ್ ಸಂಸ್ಥೆ 2020ರಲ್ಲಿ ಸಿಮ್ಯುಲೇಟರಿನಲ್ಲಿ ಅಳೆದ ಹಾಗೆ, ಆಪಲ್ ಕಾರ್‌ಪ್ಲೇಯನ್ನು ಬೆರಳಲ್ಲಿ ಮುಟ್ಟಿ ಬಳಸುವಾಗ ಡ್ರೈವರಿನ ಪ್ರತಿಕ್ರಿಯೆ ಶೇ. 57 ನಿಧಾನ ಆಗುತ್ತೆ. ಆಂಡ್ರಾಯ್ಡ್ ಆಟೋ ಆದರೆ ಶೇ. 53. ಅಲ್ಲಿನ ಕಾನೂನು ಒಪ್ಪೋ ಮಿತಿಯಷ್ಟು ಕುಡಿದವರಲ್ಲಿ ಈ ನಿಧಾನ ಶೇ. 12 ಮಾತ್ರ. ಆ ಮಿತಿ ನಮ್ಮ ದೇಶದ ಮಿತಿಗಿಂತ ಎರಡೂವರೆ ಪಟ್ಟು ಜಾಸ್ತಿ ಅನ್ನೋದನ್ನೂ ನೆನಪಿಡಿ. ಶುಕ್ರವಾರ ರಾತ್ರಿ ಪೊಲೀಸರ ಊದುಗೊಳವೆಗೆ ಹೆದರಿ ಕ್ಯಾಬ್ ಮಾಡೋ ನಾವು ಶನಿವಾರ ಬೆಳಿಗ್ಗೆ ನೈಸ್ ರಸ್ತೆಯಲ್ಲಿ ಪ್ಲೇಲಿಸ್ಟ್ ಹುಡುಕ್ತಾ ಓಡಿಸ್ತೀವಿ. ಕುಡಿಯೋದು ತಪ್ಪಲ್ಲ ಅಂತ ನಾನು ಹೇಳ್ತಿಲ್ಲ. ಇದೂ ತಪ್ಪೇ ಅಂತ ಹೇಳ್ತಿದ್ದೀನಿ.

"ವಾಯ್ಸ್ ಕಮಾಂಡ್ ಇದೆಯಲ್ಲ, ಮುಟ್ಟೋದೇ ಬೇಡ" ಅಂತೀರಿ. ಅದೇ ಪರೀಕ್ಷೆಯಲ್ಲಿ ಮಾತಿನಲ್ಲಿ ಹೇಳಿದರೂ ಶೇ. 30ರಿಂದ 36ರಷ್ಟು ನಿಧಾನ ಬಂದಿದೆ. ಅದೂ ಇಂಗ್ಲಿಷು ತಾಯ್ನುಡಿಯಾದವರ ಊರಲ್ಲಿ. ನನ್ನ ಕಾರಿಗೆ "ಚನ್ನರಾಯಪಟ್ಟಣ" ಅಂದರೆ ಅದು ಚೆನ್ನೈಗೆ ದಾರಿ ತೋರಿಸುತ್ತೆ. ನಾನು ಅದರ ಜೊತೆ ಜಗಳ ಆಡ್ತಾ ನೆಲಮಂಗಲ ದಾಟಿರ್ತೀನಿ. ಕಣ್ಣು ರಸ್ತೆ ಮೇಲಿದ್ದರೂ ತಲೆ ಜಗಳದಲ್ಲಿರುತ್ತೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ನಾನು ಎರಡು ವರ್ಷ ಇಂಥ ಸ್ಕ್ರೀನುಗಳಿಗೇ ಕೋಡ್ ಬರೆದವನು. ಕಂಪನಿ ಯಾವುದು ಅನ್ನೋದು ಬೇಡ. ಒಂದು ರಿವ್ಯೂ ಮೀಟಿಂಗಿನಲ್ಲಿ ಎಸಿಯ ಗಾಳಿ ಹೆಚ್ಚು ಕಡಿಮೆ ಮಾಡೋ ಗುಂಡಿ, ಮುಂದಿನ ಗಾಜಿನ ಮಂಜು ತೆಗೆಯೋ ಗುಂಡಿ ಎರಡನ್ನೂ ಡ್ಯಾಶ್‌ಬೋರ್ಡಿನಿಂದ ತೆಗೆದು ಸ್ಕ್ರೀನಿನ ಒಳಗೆ ಹಾಕೋದು ಅಂತ ತೀರ್ಮಾನ ಆಯ್ತು. ಕಾರಣ ದುಡ್ಡು. ಒಂದು ನಿಜವಾದ ಗುಂಡಿ ಅಂದರೆ ಅಚ್ಚು ಬೇಕು, ವೈರು ಬೇಕು, ಕನೆಕ್ಟರ್ ಬೇಕು, ಸಾವಿರಾರು ಸಲ ಒತ್ತಿ ಪರೀಕ್ಷೆ ಮಾಡಬೇಕು. ಸ್ಕ್ರೀನಿನ ಗುಂಡಿಗೆ ನನ್ನಂಥವನ ಎರಡು ದಿನ ಸಾಕು. ಅದನ್ನೇ ಶೋರೂಮಿನಲ್ಲಿ "ಪ್ರೀಮಿಯಂ ಕ್ಲೀನ್ ಲುಕ್" ಅಂತ ಮಾರಬಹುದು. ನಮ್ಮಿಂದ ಒಂದು ವಸ್ತುವನ್ನು ಕಿತ್ತುಕೊಂಡು ಅದಕ್ಕೆ ನಮ್ಮಿಂದಲೇ ಹೆಚ್ಚು ದುಡ್ಡು ವಸೂಲಿ ಮಾಡೋ ವ್ಯಾಪಾರ.

ಆ ಮೀಟಿಂಗಿನಲ್ಲಿ ನನಗೆ ಶಿರಾಡಿ ಘಾಟಿ ನೆನಪಾಗಬೇಕಿತ್ತು. ಜುಲೈ ತಿಂಗಳು, ಜಡಿಮಳೆ, ಎದುರಿಗೆ ಟ್ಯಾಂಕರು, ಐದಾರು ಸೆಕೆಂಡಿನಲ್ಲಿ ಒಳಗಿನ ಗಾಜೆಲ್ಲ ಮಂಜು. ಹಳೇ ಕಾರಿನಲ್ಲಾದರೆ ನೋಡದೆಯೇ ಗುಂಡಿ ತಿರುಗಿಸ್ತೀವಿ, ಬೆರಳಿಗೇ ದಾರಿ ಗೊತ್ತು. ಹೊಸದರಲ್ಲಿ ಮೊದಲು ಮ್ಯಾಪಿನಿಂದ ಹೊರಗೆ ಬರಬೇಕು, ಕ್ಲೈಮೇಟ್ ಅಂತ ಇರೋದನ್ನು ಒತ್ತಬೇಕು, ಅಲ್ಲಿ ಸಣ್ಣ ಚಿತ್ರ ಹುಡುಕಬೇಕು. ಏನೂ ಕಾಣದ ಹೊತ್ತಿನಲ್ಲೇ ಕಣ್ಣನ್ನು ರಸ್ತೆಯಿಂದ ತೆಗೀಬೇಕು. ಮಂಜು ತೆಗೆಯೋದು ಮನರಂಜನೆ ಅಲ್ಲ ಸ್ವಾಮಿ, ಅದು ತುರ್ತು ಸಾಧನ. ಅದನ್ನು ಹಾಡಿನ ಮನೆಯೊಳಗೆ ಬಚ್ಚಿಟ್ಟವರು ನಾವು. ನಾನು ಕೈ ಎತ್ತಬೇಕಿತ್ತು, ಎತ್ತಲಿಲ್ಲ. ಅಪ್ರೈಸಲ್ ಹತ್ತಿರ ಇತ್ತು.

ಟಚ್‌ಸ್ಕ್ರೀನ್ ಅಂದ್ರೆ ಪ್ರಗತಿ, ಗುಂಡಿ ಅಂದ್ರೆ ಹಳೇಕಾಲ ಅನ್ನೋರಿಗೆ ಅಮೆರಿಕದ ನೌಕಾಪಡೆಯ ಕಥೆ ಹೇಳ್ತೀನಿ. 2017ರ ಆಗಸ್ಟಿನಲ್ಲಿ ಸಿಂಗಾಪುರದ ಬಳಿ ಜಾನ್ ಎಸ್. ಮೆಕೇನ್ ಅನ್ನೋ ಯುದ್ಧನೌಕೆ ತೈಲದ ಹಡಗೊಂದಕ್ಕೆ ಡಿಕ್ಕಿ ಹೊಡೆದು 10 ನಾವಿಕರು ಸತ್ತರು. ತನಿಖೆಯಲ್ಲಿ ಹೊರಬಂದ ಕಾರಣಗಳಲ್ಲಿ ಎರಡು ನಮಗೆ ಮುಖ್ಯ. ಹಡಗು ನಡೆಸೋ ಟಚ್‌ಸ್ಕ್ರೀನ್ ವ್ಯವಸ್ಥೆ ಗೋಜಲಾಗಿತ್ತು, ಅದನ್ನು ಬಳಸೋ ತರಬೇತಿ ಸಾಲದಾಗಿತ್ತು. 2019ರಲ್ಲಿ ನೌಕಾಪಡೆ ವೇಗ ನಿಯಂತ್ರಣಕ್ಕೆ ಮತ್ತೆ ಕೈಯಲ್ಲಿ ಹಿಡಿಯೋ ಲಿವರುಗಳನ್ನೇ ತರ್ತೀವಿ ಅಂತ ಘೋಷಿಸಿತು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡೋ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರು, ಹಜಾರ್ಡ್ ಲೈಟು, ಹಾರ್ನು, ವೈಪರು, ತುರ್ತು ಕರೆ ಈ ಐದಕ್ಕೆ ನಿಜವಾದ ಗುಂಡಿ ಅಥವಾ ಕಡ್ಡಿ ಇಲ್ಲದಿದ್ದರೆ ಅಂಕ ಕಡಿಮೆ ಅಂತಿದೆ. ನಮ್ಮಲ್ಲೂ ಭಾರತ್ ಎನ್‌ಕ್ಯಾಪ್ 2023ರಲ್ಲಿ ಶುರುವಾಗಿದೆ. ಗುದ್ದಿದ ಮೇಲೆ ಎಷ್ಟು ಉಳೀತೀವಿ ಅನ್ನೋ ಐದು ನಕ್ಷತ್ರ ನಮಗೆ ಜಾಹೀರಾತಿನಲ್ಲಿ ಕಾಣಿಸುತ್ತೆ. ಗುದ್ದದ ಹಾಗೆ ಗುಂಡಿ ಎಲ್ಲಿಟ್ಟಿದ್ದೀರಿ ಅಂತ ಶೋರೂಮಿನಲ್ಲಿ ಒಬ್ಬರೂ ಕೇಳಲ್ಲ.

ಕಂಪನಿಗಳಿಗೆ ಬೈದಿದ್ದು ಸಾಕು. ಅವರು ಕೊಟ್ಟ ರಕ್ಷಣೆಯನ್ನು ನಾವು ಏನು ಮಾಡ್ತೀವಿ ನೋಡಿ.

ಹೊರಗಿನಿಂದ ಹಾಕಿಸೋ ಆಂಡ್ರಾಯ್ಡ್ ಸ್ಟೀರಿಯೋಗಳಲ್ಲಿ ಒಂದು ವೈರು ಇರುತ್ತೆ. ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಮಾತ್ರ ವಿಡಿಯೋ ಬರಲಿ ಅಂತ ಇರೋ ವೈರು. ಆಕ್ಸೆಸರಿ ಅಂಗಡಿಗೆ ಹೋಗಿ "ಓಡಿಸುವಾಗ್ಲೂ ವಿಡಿಯೋ ಬರೋ ಹಾಗೆ ಮಾಡಿಕೊಡಿ" ಅಂತ ನಾವೇ ಕೇಳ್ತೀವಿ. ಅವನು ಆ ವೈರನ್ನು ಬಾಡಿಗೆ ತಗುಲಿಸಿ ಎರಡು ನಿಮಿಷದಲ್ಲಿ ಕೊಡ್ತಾನೆ. ಟೆಸ್ಟ್ ಫೇಲ್ ಆಗ್ತಿದೆ ಅಂತ ಟೆಸ್ಟನ್ನೇ ಕಾಮೆಂಟ್ ಔಟ್ ಮಾಡಿ ಪ್ರೊಡಕ್ಷನ್ನಿಗೆ ಕಳಿಸಿದ ಹಾಗೆ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದರೆ ಸುಮ್ಮನಿರ್ತೀರಾ? ಕ್ಯಾಬ್ ಡ್ರೈವರು ರೀಲ್ಸ್ ನೋಡ್ತಾನೆ ಅಂತ ಒಂದು ಸ್ಟಾರ್ ಕೊಡೋ ನಾವೇ ನಮ್ಮ ಕಾರಿನಲ್ಲಿ ಐಪಿಎಲ್ ಹಾಕ್ಕೊಂಡು ಹೋಗ್ತೀವಿ.

ಸೀಟ್‌ಬೆಲ್ಟ್ ಕ್ಲಿಪ್ಪಿನದೂ ಅದೇ ಕಥೆ. ಬೆಲ್ಟ್ ಹಾಕದೆ ಬರೀ ಅಲಾರಂ ಬಾಯಿ ಮುಚ್ಚಿಸೋ ಲೋಹದ ತುಂಡು. ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು ಅಂತ ಪೊಲೀಸರು ಹೇಳಿದರು. ದೇಶ ಎರಡು ವಾರ ಚರ್ಚೆ ಮಾಡಿತು. ಕ್ಲಿಪ್ಪು ಮಾತ್ರ ಆನ್‌ಲೈನಿನಲ್ಲಿ ಸಿಗ್ತಾನೇ ಇತ್ತು. 2023ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ದೊಡ್ಡ ಇ-ಕಾಮರ್ಸ್ ಕಂಪನಿಗಳಿಗೆ ಅದನ್ನು ತೆಗೀರಿ ಅಂತ ಆದೇಶ ಮಾಡಬೇಕಾಯ್ತು. ಅದನ್ನು ಕೊಂಡವರು ಕಾರಿದ್ದವರು, ಕಾರ್ಡಿದ್ದವರು. ಅಂದರೆ ನಾವು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ನೇ ಒಂದೇ ವರ್ಷ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ ಅರ್ಧದಷ್ಟು ಪ್ರಯಾಣಿಕರು, ಡ್ರೈವರುಗಳಲ್ಲ.

ಇನ್ನು ಹಜಾರ್ಡ್ ಲೈಟು. ಎಲ್ಲಿ ಹಾಕಬೇಕೋ ಅಲ್ಲಿ ನೆನಪಾಗಲ್ಲ, ಎಲ್ಲಿ ಬೇಡವೋ ಅಲ್ಲಿ ದೀಪಾವಳಿ. ಜೋರು ಮಳೆ ಬಂದರೆ ತುಮಕೂರು ರಸ್ತೆಯ ಫ್ಲೈಓವರ್ ಮೇಲೆ ನೋಡಿ, ಓಡ್ತಿರೋ ಕಾರುಗಳೆಲ್ಲ ನಾಲ್ಕೂ ದೀಪ ಮಿಟುಕಿಸ್ತಾ ಹೋಗ್ತಿರ್ತವೆ. ಹಾಗೆ ಹಾಕಿದಾಗ ನಿಮ್ಮ ಇಂಡಿಕೇಟರು ಕೆಲಸ ಮಾಡಲ್ಲ. ಲೇನ್ ಬದಲಾಯಿಸ್ತೀರಿ ಅಂತ ಹಿಂದಿನವನಿಗೆ ಗೊತ್ತಾಗಲ್ಲ. ನಿಜವಾಗಿ ಕೆಟ್ಟು ನಿಂತ ಕಾರು ಯಾವುದು, ಓಡ್ತಿರೋದು ಯಾವುದು ಅಂತಲೂ ಗೊತ್ತಾಗಲ್ಲ. ಮಳೆಗೆ ಹೆಡ್‌ಲೈಟ್ ಇದೆ, ವೇಗ ಕಡಿಮೆ ಮಾಡೋ ಬುದ್ಧಿ ಇದೆ. ಸರ್ಕಲಿನಲ್ಲಿ "ನೇರ ಹೋಗ್ತೀನಿ" ಅನ್ನೋದಕ್ಕೆ ಹಜಾರ್ಡ್ ಹಾಕೋದಂತೂ ಯಾವ ಪುಣ್ಯಾತ್ಮ ಕಂಡುಹಿಡಿದನೋ! ಪಕ್ಕದ ರಸ್ತೆಯಿಂದ ಬರೋನಿಗೆ ನಿಮ್ಮ ಕಾರಿನ ಒಂದು ಬದಿ ಮಾತ್ರ ಕಾಣುತ್ತೆ. ಅವನ ಕಣ್ಣಿಗೆ ನೀವು ತಿರುಗ್ತಿದ್ದೀರಿ. ಅವನು ಮುಂದೆ ಬರ್ತಾನೆ, ನೀವು ನೇರ ಹೋಗ್ತೀರಿ. ನೇರ ಹೋಗೋಕೆ ಯಾವ ದೀಪವೂ ಬೇಡ.

"ರೋಡ್‌ಸೈಡ್ ಅಸಿಸ್ಟೆನ್ಸ್ ಇದೆ, ಫೋನ್ ಮಾಡಿದ್ರೆ ಬರ್ತಾರೆ" ಅನ್ನೋ ವಾದವೂ ಉಂಟು. ಬರ್ತಾರೆ, ಬರಲಿ. ಅವರು ಬರೋ ಮುಂಚಿನ ಮೊದಲ ಹತ್ತು ನಿಮಿಷಕ್ಕೆ ಚಂದಾದಾರಿಕೆ ಇಲ್ಲ. ಆ ಹತ್ತು ನಿಮಿಷ ನಿಮ್ಮದೇ.

ಆ ಹತ್ತು ನಿಮಿಷದಲ್ಲಿ ಮಾಡಬೇಕಾದ್ದು ಕಷ್ಟದ್ದೇನಲ್ಲ. ಆದಷ್ಟು ಎಡಕ್ಕೆ ತಂದು ನಿಲ್ಲಿಸಿ. ಹಜಾರ್ಡ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೀರಿ. ಎಲ್ಲರನ್ನೂ ಎಡಗಡೆ ಬಾಗಿಲಿಂದ ಇಳಿಸಿ ತಡೆಕಂಬಿಯ ಆಚೆಗೆ ಕಳಿಸಿ. ಆಮೇಲೆ ತ್ರಿಕೋನ ಹಿಡಿದು, ಬರೋ ಗಾಡಿಗಳಿಗೆ ಕಾಣೋ ಹಾಗೆ ಎದೆ ಮುಂದೆ ಇಟ್ಟುಕೊಂಡು, ರಸ್ತೆಯ ಅಂಚಿನಲ್ಲೇ ಹಿಂದಕ್ಕೆ ನಡೀರಿ. ರಾಷ್ಟ್ರೀಯ ಹೆದ್ದಾರಿಯಾದರೆ 1033, ಯಾವುದೇ ತುರ್ತಿಗೆ 112. ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ ಹೇಳಿ. ಟೈರನ್ನು ನೀವೇ ಬದಲಾಯಿಸೋದಾದರೆ ಗಾಡಿ ಸಮತಟ್ಟು ಗಟ್ಟಿ ನೆಲದಲ್ಲಿರಬೇಕು, ಟ್ರಾಫಿಕ್ಕಿನಿಂದ ದೂರ ಇರಬೇಕು. ಇಲ್ಲದಿದ್ದರೆ ಟೈರಿನ ಆಸೆ ಬಿಡಿ. ಬೋಲ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಜಾಕ್ ಎತ್ತಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸಣ್ಣ ಸ್ಟೆಪ್ನಿ ಕೊಟ್ಟಿದ್ದರೆ ಅದರ ಮೇಲೆ 80 ಅಂತ ಬರೆದಿರುತ್ತೆ, ಅದಕ್ಕಿಂತ ಜೋರಾಗಿ ಓಡಿಸಬೇಡಿ. 2020ರ ತಿದ್ದುಪಡಿ ಆದ ಮೇಲೆ ಟೈರ್ ಗಾಳಿ ಅಳೆಯೋ ವ್ಯವಸ್ಥೆ, ರಿಪೇರಿ ಕಿಟ್ ಕೊಟ್ಟರೆ ಸ್ಟೆಪ್ನಿಯನ್ನೇ ಕೊಡದಿರಬಹುದು. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇದೆಯೋ ಇಲ್ಲವೋ ಅನ್ನೋದನ್ನು ಕುಣಿಗಲ್ ಹತ್ತಿರ ರಾತ್ರಿ ಕಂಡುಹಿಡಿಯಬೇಡಿ.

ನೀರಿನ ವಿಷಯವನ್ನೂ ಹೇಳಲೇಬೇಕು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಕಾರು ಸಿಕ್ಕಿ ನಮ್ಮದೇ ವೃತ್ತಿಯ ಎಳೇ ವಯಸ್ಸಿನ ಹೆಣ್ಣುಮಗಳೊಬ್ಬಳು ತೀರಿಕೊಂಡಳು. ನಿಂತ ನೀರಿಗೆ ಕಾರು ಇಳಿಸದಿರೋದೇ ಮೊದಲ ಪಾಠ. ಸಿಕ್ಕಿಬಿದ್ದರೆ ಫೋನಿಗೆ ಕೈ ಹಾಕೋ ಮುಂಚೆ ಬೆಲ್ಟ್ ಬಿಚ್ಚಿ, ಕರೆಂಟು ಇರುವಾಗಲೇ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಹಾಕಿ, ನೀವೂ ಬನ್ನಿ. ಹೆಡ್‌ರೆಸ್ಟ್ ಕಿತ್ತು ಗಾಜು ಒಡೆಯಬಹುದು ಅಂತ ವಾಟ್ಸಾಪಿನಲ್ಲಿ ಓಡಾಡ್ತಿರುತ್ತೆ. ಹೆಡ್‌ರೆಸ್ಟ್ ಇರೋದು ಕುತ್ತಿಗೆ ಉಳಿಸೋಕೆ, ಗಾಜು ಒಡೆಯೋಕಲ್ಲ. ಗಾಜಿನ ಸುತ್ತಿಗೆಗೆ ಮುನ್ನೂರು ನಾನೂರು ರೂಪಾಯಿ ಕೊಟ್ಟರೆ ಸಾಕು. ಆದರೆ ಅದೂ ಟೆಂಪರ್ಡ್ ಗಾಜಿಗೆ ಮಾತ್ರ. 2019ರಲ್ಲಿ ಅಮೆರಿಕದ ಎಎಎ ಸಂಸ್ಥೆ ಆರು ಉಪಕರಣ ಪರೀಕ್ಷಿಸಿದಾಗ ನಾಲ್ಕು ಟೆಂಪರ್ಡ್ ಗಾಜು ಒಡೆದವು, ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ. ಮುಂದಿನ ಗಾಜು ಲ್ಯಾಮಿನೇಟೆಡ್ಡೇ ಆಗಿರುತ್ತೆ, ಅದನ್ನು ಬಿಟ್ಟುಬಿಡಿ. ಪಕ್ಕದ್ದು ಯಾವುದು ಅಂತ ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಅದನ್ನೊಮ್ಮೆ ಓದಿ. ಸ್ಕ್ರೀನಿನಲ್ಲಿ ಇದರ ನೋಟಿಫಿಕೇಶನ್ ಬರಲ್ಲ.

ಸ್ಕ್ರೀನನ್ನು ಕಿತ್ತು ಬಿಸಾಕಿ ಅಂತ ನಾನು ಹೇಳ್ತಿಲ್ಲ. ನನಗೂ ಮ್ಯಾಪ್ ಬೇಕು, ನನಗೂ ಹಾಡು ಬೇಕು. ಗಾಡಿ ಹೊರಡೋ ಮುಂಚೆ ದಾರಿ ಹಾಕಿ, ಎರಡು ಗಂಟೆಗೆ ಸಾಕಾಗೋ ಪ್ಲೇಲಿಸ್ಟ್ ಹಾಕಿ, ಮೆಸೇಜ್ ಬಂದಾಗ ಸ್ಕ್ರೀನಿನಲ್ಲಿ ಮೂಡೋದನ್ನು ನಿಲ್ಲಿಸಿ, ರಾತ್ರಿ ಬೆಳಕು ತಗ್ಗಿಸಿ. ನಡುವೆ ಏನಾದರೂ ಬದಲಾಯಿಸಬೇಕಾದರೆ ಪಕ್ಕದಲ್ಲಿ ಕೂತವರಿಗೆ ಹೇಳಿ. ಒಬ್ಬರೇ ಇದ್ದರೆ ಟೀ ಅಂಗಡಿ ಬರಲಿ. ಇಷ್ಟವಿಲ್ಲದ ಒಂದು ಹಾಡನ್ನು ನಾಲ್ಕು ನಿಮಿಷ ಕೇಳಿದರೆ ಯಾರೂ ಸಾಯಲ್ಲ.

ಶೋರೂಮಿನಲ್ಲಿ ಕಾರು ಕೊಡೋ ದಿನ ಕೇಕು, ಹಾರ, ರಟ್ಟಿನ ದೊಡ್ಡ ಕೀ, ರೀಲ್ಸಿಗೆ ಅರ್ಧ ಗಂಟೆ. ಬ್ಲೂಟೂತ್ ಜೋಡಿಸೋಕೆ ಇಪ್ಪತ್ತು ನಿಮಿಷ. ಆ ಹುಡುಗನಿಗೆ ಅದನ್ನೇ ಕಲಿಸಿ ಕಳಿಸಿರ್ತಾರೆ, ಅವನನ್ನು ಬೈದು ಏನು ಪ್ರಯೋಜನ? ನೀವು ಕೇಳಿ. "ತ್ರಿಕೋನ ತೆಗೆದು ಜೋಡಿಸಿ ತೋರ್ಸಪ್ಪ. ಜಾಕ್ ಎಲ್ಲಿ ಕೂರಿಸಬೇಕು ತೋರ್ಸು. ಎಳೆಯೋ ಕೊಕ್ಕೆ ಎಲ್ಲಿ ಹಾಕೋದು ತೋರ್ಸು." ಅದು ಮುಗಿಯೋವರೆಗೆ ಕಾಗದಕ್ಕೆ ಸಹಿ ಹಾಕಬೇಡಿ. ಹತ್ತು ಜನ ಹೀಗೆ ಕೇಳಿದರೆ ಹನ್ನೊಂದನೆಯವರಿಗೆ ಕೇಳದೆಯೇ ತೋರಿಸ್ತಾರೆ. ಲೈಸೆನ್ಸ್ ಕೊಡೋ ಆರ್‌ಟಿಓದವರೂ ಎಂಟರ ಆಕಾರ ಹೊಡೆಸೋದರ ಜೊತೆಗೆ ಒಂದೇ ಒಂದು ಸಲ ತ್ರಿಕೋನ ಜೋಡಿಸಿ ತೋರಿಸು ಅಂತ ಕೇಳಲಿ. ಖರ್ಚು ಸೊನ್ನೆ.

ಅವತ್ತು ಬೇಸ್‌ಮೆಂಟಿನಲ್ಲಿ ನಗು ನಿಂತ ಮೇಲೆ ಎಲ್ಲರೂ ಸೇರಿ ಆ ಹೊಸ ಕಾರಿನ ಡಿಕ್ಕಿ ತೆಗೆದು ಹುಡುಕಿದ್ವಿ. ತ್ರಿಕೋನ ಇತ್ತು. ಮ್ಯಾಟಿನ ಕೆಳಗೆ, ಜಾಕಿನ ಪಕ್ಕ, ಪ್ಲಾಸ್ಟಿಕ್ ಕವರ್ ಸಮೇತ. ನಾಲ್ಕು ಜನ ಬಿಇ, ಒಬ್ಬ ಎಂಟೆಕ್. ಅದನ್ನು ಜೋಡಿಸಿ ನಿಲ್ಲಿಸೋಕೆ ನಮಗೆ ಆರು ನಿಮಿಷ ಹಿಡೀತು. ಎರಡು ಸಲ ಬಿದ್ದು ಮೂರನೇ ಸಲಕ್ಕೆ ನಿಂತಿತು. ಅಲ್ಲಿ ಬೆಳಕಿತ್ತು, ಗಾಳಿ ಇರಲಿಲ್ಲ, ಯಾವ ಟೆಂಪೋನೂ ಬರ್ತಿರಲಿಲ್ಲ. ಹುಡುಗ ಒಂದು ಮಾತೂ ಆಡದೆ ಅದನ್ನು ಬಿಚ್ಚಿದ, ತಾನೊಬ್ಬನೇ ಮತ್ತೆ ಜೋಡಿಸಿದ. ಈ ಸಲ ಒಂದು ನಿಮಿಷ.

ಈ ಭಾನುವಾರ ನೀವೂ ಕೆಳಗಿಳಿದು ಹೋಗಿ ಒಂದ್ಸಲ ಮಾಡಿ. ನಮ್ಮ ಡಿಕ್ಕಿಯಲ್ಲಿ ಈಗಲೂ ಊರಿಂದ ತೆಂಗಿನಕಾಯಿ ಬರುತ್ತೆ, ಅಮ್ಮ ಬಿಡಲ್ಲ. ತ್ರಿಕೋನ ಮಾತ್ರ ಮೂಟೆಯ ಅಡಿಗೆ ಹೋಗಲ್ಲ. ಡಿಕ್ಕಿಯ ಎಡಗೋಡೆಗೆ ಪಟ್ಟಿ ಹಾಕಿ ಕಟ್ಟಿದ್ದೀನಿ, ಬಾಗಿಲು ಎತ್ತಿದ ತಕ್ಷಣ ಕೈಗೆ ಸಿಗುತ್ತೆ.